ಫ್ರೀಲಾನ್ಸ್ ಫೋಟೋಗ್ರಫಿ ನಂಬ್ಕೊಂಡು ಬದುಕೋದು ಹೇಗೆ: ರೇಟು, ಅಡ್ವಾನ್ಸು, ಅಗ್ರಿಮೆಂಟು ಎಲ್ಲಾ ಸೇರಿಸಿ

ಕ್ಯಾಮೆರಾ ಹಿಡಿಯೋಕೆ ಬರತ್ತೆ, ನಾಲ್ಕು ಜನ ಚೆನ್ನಾಗಿದೆ ಅಂದಿದಾರೆ, ಇರೋ ಕೆಲಸ ಬಿಟ್ಟು ಇದನ್ನೇ ಮಾಡೋಣ ಅಂತಿದೀರಾ, ಅಥವಾ ಆಗ್ಲೇ ಕೆಲವು ವರ್ಷದಿಂದ ಮಾಡ್ತಿದೀರಾ ಆದ್ರೆ ಸೀಸನ್ ಮುಗಿದ್ಮೇಲೆ ಅಕೌಂಟ್ ನೋಡಿದ್ರೆ ಏನೂ ಉಳಿದಿರಲ್ಲ, ಈ ಇಬ್ರಿಗೂ ಸೇರಿಸಿ ಬರೀತಿದೀನಿ. ನಾನು ಮೈಸೂರು ಕಡೆ ಮದುವೆ ಶೂಟ್ ಮಾಡೋನು, ಮಧ್ಯೆ ಮಧ್ಯೆ ಹೋಂಸ್ಟೇ, ಸೀರೆ ಅಂಗಡಿ, ಹೋಟೆಲ್ ಕೆಲಸ, ಹಾಗಾಗಿ ಉದಾಹರಣೆ ಎಲ್ಲಾ ಅಲ್ಲಿಂದಾನೇ ಬರತ್ತೆ. ಯಾವ ಲೆನ್ಸ್ ತಗೋಬೇಕು ಅಂತ ಹುಡುಕ್ಕೊಂಡು ಬಂದಿದ್ರೆ ಅದು ಇಲ್ಲಿಲ್ಲ.

ಮುಖ್ಯವಾಗಿ ಹೇಳೋಕಿರೋದು ಒಂದೇ. ನಿಮ್ಮ ರೇಟು ಫೋನ್ ಬಂದಾಗ ಹುಟ್ಬಾರ್ದು, ಫೋನ್ ಬರೋಕೆ ಮುಂಚೇನೇ ಹಾಳೆ ಮೇಲೆ ಇರ್ಬೇಕು. "ನಮ್ ಕೆಲಸಕ್ಕೆ ಬೆಲೇನೇ ಇಲ್ಲ" ಅಂತ ಗೊಣಗೋ ಸುಮಾರು ಜನಕ್ಕೆ ಆ ಬೆಲೆ ಎಷ್ಟು ಅಂತ ಕೇಳಿದ್ರೆ ಉತ್ತರ ಇರಲ್ಲ, ಪಕ್ಕದ ಸ್ಟುಡಿಯೋದವ್ರು ಎಷ್ಟು ತಗೋತಾರೋ ಅದಕ್ಕಿಂತ ಎರಡು ಸಾವಿರ ಕಮ್ಮಿ, ಅಷ್ಟೇ ಅವ್ರ ಲೆಕ್ಕ.

ಹೆಜ್ಜೆ 1: ನಿಮ್ಮ ಒಂದು ದಿನ ಎಷ್ಟಕ್ಕೆ ಬೀಳತ್ತೆ

ಒಂದು ಹಾಳೆ ತಗೊಳ್ಳಿ. ಮನೆ ಖರ್ಚು ತಿಂಗಳಿಗೆ 30,000 ಅಂತ ಇಟ್ಕೊಳ್ಳೋಣ, ವರ್ಷಕ್ಕೆ 3,60,000. ಕ್ಯಾಮೆರಾ ಬಾಡಿ, ಎರಡು ಮೂರು ಲೆನ್ಸು, ಫ್ಲಾಶು, ಲ್ಯಾಪ್‌ಟಾಪು ಎಲ್ಲಾ ಸೇರಿ 4 ಲಕ್ಷ ಹಾಕಿದೀರಾ, ಅದು 5 ವರ್ಷ ಬಾಳಿಕೆ ಬರತ್ತೆ ಅಂದ್ರೆ ವರ್ಷಕ್ಕೆ 80,000, ಇದು ಎಲ್ರೂ ಮರೆಯೋ ಲೈನು, ಯಾಕಂದ್ರೆ ದುಡ್ಡು ಆಗ್ಲೇ ಹೋಗಿರತ್ತೆ. ಆದ್ರೆ ಶಟರ್ ಸವೆಯತ್ತೆ, ಸೆನ್ಸರ್ ಹಳೇದಾಗತ್ತೆ, 5 ವರ್ಷ ಆದ್ಮೇಲೆ ಮತ್ತೆ 4 ಲಕ್ಷ ಬೇಕೇ ಬೇಕು, ಆಗ ಇಎಂಐ ಹಾಕ್ಕೊಂಡು ಕೂರ್ಬೇಕಾಗತ್ತೆ. ಎಡಿಟಿಂಗ್ ಸಾಫ್ಟ್‌ವೇರ್, ಹಾರ್ಡ್ ಡಿಸ್ಕು, ಇಂಟರ್ನೆಟ್, ಪೆಟ್ರೋಲು, ರಿಪೇರಿ, ಕ್ಯಾಮೆರಾ ಇನ್ಶೂರೆನ್ಸು ತಿಂಗಳಿಗೆ 10,000 ಅಂದ್ರೆ 1,20,000. ಹೆಲ್ತ್ ಇನ್ಶೂರೆನ್ಸ್ ಮತ್ತು ಉಳಿತಾಯ ಅಂತ 60,000. ಒಟ್ಟು 6,20,000.

ಈಗ ಮುಖ್ಯವಾದ ಪ್ರಶ್ನೆ, ವರ್ಷದಲ್ಲಿ ಎಷ್ಟು ದಿನ ಶೂಟ್ ಮಾಡ್ತೀರಾ? 365 ಅಂತೂ ಅಲ್ಲ, 150 ಕೂಡ ಅಲ್ಲ. ಒಂದು ದಿನ ಮದುವೆ ಶೂಟ್ ಮಾಡಿದ್ರೆ ಫೋಟೋ ಆರಿಸೋದು, ಕಲರ್ ಕರೆಕ್ಷನ್, ಆಲ್ಬಂ ಡಿಸೈನ್, ಪಾರ್ಟಿ (ಅಂದ್ರೆ ಕೆಲಸ ಕೊಟ್ಟೋರು) ಜೊತೆ ಫೋನ್ ಮಾತು ಅಂತ ಮೇಲೆ ಎರಡೂವರೆ ದಿನ ಹಿಡಿಯತ್ತೆ. ವರ್ಷಕ್ಕೆ 60 ಶೂಟ್ ದಿನ ಅಂತ ಇಟ್ಕೊಂಡ್ರೆ ಅದೇ 210 ದಿನದ ಕೆಲಸ. 6,20,000ನ 60ರಿಂದ ಭಾಗಿಸಿದ್ರೆ 10,333 ಬರತ್ತೆ. ಇದು ನಿಮ್ಮ ಲಾಭ ಅಲ್ಲ, ಸಂಬಳಾನೂ ಅಲ್ಲ, ಇದು ನೆಲ. ಅಸಿಸ್ಟೆಂಟು, ವಿಡಿಯೋದವ್ರು, ಆಲ್ಬಂ ಪ್ರಿಂಟು ಎಲ್ಲಾ ಇದರ ಮೇಲೆ. ಇದಕ್ಕಿಂತ ಕಮ್ಮಿ ರೇಟಿಗೆ ಒಪ್ಕೊಂಡ್ರೆ ಯಾರದೋ ಮದುವೆಗೆ ನೀವೇ ಕೈಯಿಂದ ದುಡ್ಡು ಹಾಕಿದಂಗೆ.

ನಿಮ್ಮ ನಂಬರ್ ಬೇರೆ ಬರತ್ತೆ. ದಾವಣಗೆರೆಲಿ ಸ್ವಂತ ಮನೇಲಿರೋರಿಗೂ ಬೆಂಗಳೂರಲ್ಲಿ ಬಾಡಿಗೆ ಕಟ್ಟೋರಿಗೂ ಒಂದೇ ರೇಟ್ ಇರೋಕೆ ಸಾಧ್ಯ ಇಲ್ಲ, ಹಾಗಾಗಿ "ಮಾರ್ಕೆಟ್ ರೇಟ್ ಎಷ್ಟಿದೆ ಗುರು" ಅಂತ ಗ್ರೂಪ್‌ನಲ್ಲಿ ಕೇಳೋದು ಎರಡನೇ ಕೆಲಸ, ಮೊದಲನೇದು ಈ ಹಾಳೆ.

ಹೆಜ್ಜೆ 2: ಪಂಚಾಂಗ ಇಟ್ಕೊಂಡು ಕ್ಯಾಲೆಂಡರ್ ತುಂಬ್ಸಿ

ನಗಬೇಡಿ, ಇದು ಸೀರಿಯಸ್ ಮಾತು. ಯುಗಾದಿ ಹೊತ್ತಿಗೆ ಒಂಟಿಕೊಪ್ಪಲ್ ಪಂಚಾಂಗ ಬಂದಿರತ್ತೆ, ಅದ್ರಲ್ಲಿ ಮದುವೆ ಮುಹೂರ್ತದ ದಿನಗಳನ್ನ ನೋಡಿ ಫೋನ್ ಕ್ಯಾಲೆಂಡರ್‌ಗೆ ಹಾಕ್ಕೊಳ್ಳಿ. ಆಷಾಢ ಇಲ್ಲ, ಪಿತೃಪಕ್ಷ ಇಲ್ಲ, ಧನುರ್ಮಾಸ ಅಂದ್ರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೂ ಇಲ್ಲ, ಗುರು ಅಥವಾ ಶುಕ್ರ ಅಸ್ತ ಆಗಿದ್ರೆ ಆಗ್ಲೂ ಮುಹೂರ್ತ ಇಡಲ್ಲ. ಅಧಿಕ ಮಾಸ ಬಂತು ಅಂದ್ರೆ ಇನ್ನೊಂದು ತಿಂಗಳು ಹೋಯ್ತು. 2026ರಲ್ಲಿ ನೋಡಿ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ, ಸರಿಯಾಗಿ ಸೀಸನ್ ನಡುವೇನೇ. ಇದು ಮೊದ್ಲೇ ಗೊತ್ತಿದ್ರೆ ಆ ತಿಂಗಳಿಗೆ ಬೇರೆ ಕೆಲಸ ಹುಡುಕ್ಬೋದು, ಇಲ್ಲಾಂದ್ರೆ ಕೈ ಖಾಲಿ ಆದಾಗ ಬಂದ ರೇಟಿಗೆ ಒಪ್ಕೋಬೇಕಾಗತ್ತೆ.

ಇದ್ರಿಂದ ಇನ್ನೊಂದು ಉಪಯೋಗ. ಒಳ್ಳೇ ಮುಹೂರ್ತದ ದಿನ ಊರಲ್ಲಿರೋ ಎಲ್ಲಾ ಛತ್ರಾನೂ ಫುಲ್ ಇರತ್ತೆ, ಅವತ್ತು ಡಿಸ್ಕೌಂಟ್ ಅನ್ನೋ ಮಾತೇ ಇಲ್ಲ. ಮುಹೂರ್ತ ಕಮ್ಮಿ ಇರೋ ದಿನ, ವಾರದ ಮಧ್ಯೆ ಇರೋ ನಾಮಕರಣ, ಸೀಮಂತ, ಗೃಹಪ್ರವೇಶ ಇವಕ್ಕೆ ಸ್ವಲ್ಪ ಹೆಚ್ಚು ಕಮ್ಮಿ ಮಾಡ್ಬೋದು. ಎಲ್ಲಾ ದಿನಕ್ಕೂ ಒಂದೇ ರೇಟ್ ಇಟ್ಕೊಂಡೋರು ಎರಡು ಕಡೇನೂ ಕಳ್ಕೊತಾರೆ.

ಹೆಜ್ಜೆ 3: ಫೋನ್ ಬಂದಾಗ ಮೊದ್ಲು ನಂಬರ್ ಹೇಳ್ಬೇಡಿ

ಎಲ್ಲಾ ಫೋನೂ ಒಂದೇ ತರ ಶುರುವಾಗತ್ತೆ.

"ಅಣ್ಣಾ, ಮದುವೆ ಫೋಟೋಗೆ ಎಷ್ಟು ತಗೋತೀರಾ?"

"ಮುಹೂರ್ತ ಯಾವತ್ತು ಸರ್? ಛತ್ರ ಯಾವ್ದು? ನೀವು ಹುಡುಗಿ ಕಡೆಯೋರಾ, ಹುಡುಗನ ಕಡೆಯೋರಾ?"

ಡೇಟ್ ಕೇಳಿದ್ರೆ ನೀವು ಫ್ರೀ ಇದೀರಾ ಇಲ್ವಾ ಗೊತ್ತಾಗತ್ತೆ. ಛತ್ರ ಕೇಳಿದ್ರೆ ಬಜೆಟ್ ಅರ್ಧ ಗೊತ್ತಾಗತ್ತೆ, ಓಡಾಟನೂ ಗೊತ್ತಾಗತ್ತೆ. ಯಾವ ಕಡೆ ಅಂತ ಕೇಳೋದು ಯಾಕೆ ಅಂದ್ರೆ ಎರಡೂ ಕಡೆಯೋರು ಬೇರೆ ಬೇರೆ ಫೋಟೋಗ್ರಾಫರ್ ಕರ್ಸಿದ್ರೆ ಮಂಟಪದ ಮುಂದೆ ನಾಲ್ಕು ಕ್ಯಾಮೆರಾ, ಎರಡು ಗಿಂಬಲ್ (ವಿಡಿಯೋ ಅಲುಗಾಡದಂಗೆ ಕ್ಯಾಮೆರಾ ಹಿಡಿಯೋ ಸ್ಟ್ಯಾಂಡು), ಎಲ್ರೂ ಒಬ್ರಿಗೊಬ್ರು ಅಡ್ಡ, ಹಾಗಾಗಿ ಇನ್ನೊಂದು ಟೀಮ್ ಯಾರು ಅಂತ ಮೊದ್ಲೇ ತಿಳ್ಕೊಂಡು ಅವ್ರಿಗೊಂದು ಫೋನ್ ಹಾಕೋದು ಒಳ್ಳೇದು. ಆಮೇಲೆ ಏನೇನ್ ಶಾಸ್ತ್ರ ಇದೆ, ಚಪ್ಪರ, ಅರಿಶಿಣ, ಹಿಂದಿನ ದಿನದ ರಿಸೆಪ್ಷನ್, ಮುಹೂರ್ತ, ಬೀಗರ ಊಟ, ಯಾವುದಕ್ಕೆಲ್ಲಾ ಬರ್ಬೇಕು ಅಂತ ಕೇಳಿ. "ಎಲ್ಲಾ ನೋಡಿ ವಾಟ್ಸಾಪಲ್ಲಿ ಕೋಟೇಶನ್ ಕಳಿಸ್ತೀನಿ ಸರ್" ಅಂತ ಹೇಳಿ ಫೋನ್ ಇಡಿ. ಅವತ್ತು ಸಂಜೆ ಒಳಗೇ ಕಳ್ಸಿ, ಎರಡು ದಿನ ಬಿಟ್ಟು ಕಳ್ಸಿದ್ರೆ ಅಷ್ಟೊತ್ತಿಗೆ ಬೇರೆಯೋರಿಗೆ ಅಡ್ವಾನ್ಸ್ ಹೋಗಿರತ್ತೆ.

ಕೋಟೇಶನ್ ನೋಡಿದ್ಮೇಲೆ ಬರೋ ಮಾತೂ ಗೊತ್ತಿರೋದೇ.

"ಅಷ್ಟೊಂದಾ? ನಮ್ಮೂರಲ್ಲಿ ಇದ್ರ ಅರ್ಧಕ್ಕೇ ಆಲ್ಬಂ ಸೇರ್ಸಿ ಮಾಡ್ಕೊಡ್ತಾರೆ."

"ಮಾಡ್ತಾರೆ ಸರ್, ಇಲ್ಲ ಅನ್ನಲ್ಲ. ನಿಮ್ಮ ಬಜೆಟ್ ಅಷ್ಟೇ ಇದ್ರೆ ರಿಸೆಪ್ಷನ್ ಬಿಟ್ಟು ಮುಹೂರ್ತ ಒಂದು ಮಾಡ್ಕೊಡ್ತೀನಿ, ಆಲ್ಬಂ ಆಮೇಲೆ ಬೇಕಾದಾಗ ಮಾಡಿಸ್ಕೊಳ್ಳಿ."

ಇದೇ ಇಡೀ ಮಾರ್ಗದರ್ಶಿಲಿ ನಾನು ಎರಡು ಸಲ ಓದಿ ಅನ್ನೋ ಜಾಗ. ದುಡ್ಡು ಕಮ್ಮಿ ಆದ್ರೆ ಕೆಲಸ ಕಮ್ಮಿ ಆಗ್ಬೇಕು, ರೇಟ್ ಕಮ್ಮಿ ಆಗ್ಬಾರ್ದು. ಅಷ್ಟೇ ಕೆಲಸಾನ ಇದ್ದಕ್ಕಿದ್ದಂಗೆ ಹತ್ತು ಸಾವಿರ ಕಮ್ಮಿಗೆ ಒಪ್ಕೊಂಡ್ರೆ ಪಾರ್ಟಿ ತಲೇಲಿ ಬರೋದು "ಪಾಪ ಒಳ್ಳೆಯೋನು" ಅಂತ ಅಲ್ಲ, "ಮೊದ್ಲು ಹತ್ತು ಸಾವಿರ ಜಾಸ್ತಿ ಹೇಳಿದ್ದ" ಅಂತ.

ಇನ್ನು ನೆಂಟರ ವಿಷ್ಯ. ಚಿಕ್ಕಪ್ಪನ ಮಗಳ ಮದುವೆಗೆ ದುಡ್ಡು ಕೇಳೋಕೆ ಆಗಲ್ಲ, ಸರಿ, ಕೇಳ್ಬೇಡಿ, ಆದ್ರೆ ಬಿಲ್ ಮಾಡಿ. ಪೂರ್ತಿ ಮೊತ್ತ ಬರೆದು ಅದ್ರ ಕೆಳಗೆ "ಉಡುಗೊರೆ" ಅಂತ ಹಾಕಿ ಅಷ್ಟನ್ನೂ ಕಳೀರಿ, ಆಲ್ಬಂ ಪ್ರಿಂಟ್ ಖರ್ಚು ಮಾತ್ರ ಉಳ್ಸಿ. ಚಿಕ್ಕಪ್ಪ ಆ ಬಿಲ್‌ನ ನಾಲ್ಕು ಜನಕ್ಕೆ ತೋರಿಸ್ತಾರೆ, ನೋಡಿದೋರಿಗೆಲ್ಲ ನಿಮ್ಮ ನಿಜವಾದ ರೇಟ್ ಗೊತ್ತಾಗತ್ತೆ. ಸುಮ್ನೆ ಫ್ರೀಯಾಗಿ ಮಾಡಿದ್ರೆ ನೆಂಟರೆಲ್ಲಾ ಫ್ರೀಯಾಗೇ ಕರೀತಾರೆ.

ಹೆಜ್ಜೆ 4: ಯಾತಕ್ಕೆ ದುಡ್ಡು ತಗೋತಿದೀರಾ ಅನ್ನೋದು ನಿಮಗೇ ಗೊತ್ತಿರ್ಲಿ

ಬಟನ್ ಒತ್ತೋಕೆ ಅಲ್ಲ. ಮಾಂಗಲ್ಯಧಾರಣೆ ನೆನಪಿಸ್ಕೊಳ್ಳಿ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ತಕ್ಷಣ ಓಲಗದೋರು ಜೋರಾಗಿ ಹೊಡೀತಾರೆ, ಕೂತಿದ್ದೋರೆಲ್ಲ ಎದ್ದು ನಿಲ್ತಾರೆ, ಸೋದರಮಾವ ಮೊಬೈಲ್ ಹಿಡ್ಕೊಂಡು ಸರಿಯಾಗಿ ನಿಮ್ಮ ಲೆನ್ಸ್ ಮುಂದೇನೇ ಬರ್ತಾರೆ, ಅಕ್ಷತೆ ಎಲ್ಲಾ ಕಡೆಯಿಂದ ಬೀಳತ್ತೆ, ಎಲ್‌ಇಡಿ ಲೈಟ್ ಹಿಡಿದಿರೋ ಹುಡುಗ ಗುಂಪಲ್ಲಿ ಹಿಂದೆ ಉಳ್ಕೊಂಡಿರ್ತಾನೆ, ಬೆಳಕು ಜಾಸ್ತಿಯಾಗಿ ಫೋಟೋದಲ್ಲಿ ಬಿಳಿ ಪಂಚೆ ಜರಿ ಅಂಚು ಬರೀ ಬಿಳಿಯಾಗಿ ಸುಟ್ಟೋಗತ್ತೆ, ಹುಡುಗಿ ಮುಖ ತಗ್ಗಿಸಿರೋದ್ರಿಂದ ಕತ್ತಲು. ಮೂರು ಗಂಟು ಹಾಕಿ ಮುಗಿಯೋಕೆ ಒಂದು ನಿಮಿಷನೂ ಹಿಡಿಯಲ್ಲ, ಇನ್ನೊಂದು ಸಲ ಕಟ್ಟಿ ಅಂತ ಕೇಳೋ ಹಾಗಿಲ್ಲ.

ಇದು ಸರಿಯಾಗಿ ಬರ್ಬೇಕು ಅಂದ್ರೆ ಬೆಳಗ್ಗೇನೇ ಪುರೋಹಿತರ ಹತ್ರ ಹೋಗಿ "ಸ್ವಾಮಿ, ತಾಳಿ ಕಟ್ಟೋಕೆ ಮುಂಚೆ ನನ್ ಕಡೆ ಒಂದ್ಸಲ ನೋಡ್ಬಿಡಿ" ಅಂತ ಹೇಳಿರ್ಬೇಕು, ಹುಡುಗಿ ಅಣ್ಣನಿಗೋ ತಮ್ಮನಿಗೋ ಜಾಗ ಬಿಡಿಸೋ ಕೆಲಸ ಒಪ್ಪಿಸಿರ್ಬೇಕು, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡೋ ಬೆಳಕು) ಪಂಚೆ ನೋಡಿ ಮೊದ್ಲೇ ಇಳಿಸಿ ಇಟ್ಟಿರ್ಬೇಕು, ಅಕ್ಷತೆ ಗಾಳೀಲಿ ನಿಂತಂಗೆ ಕಾಣ್ಬೇಕು ಅಂದ್ರೆ ಶಟರ್ ಸ್ಪೀಡ್ ಸೆಕೆಂಡಿನ 1/500 ಹತ್ರ ಇರ್ಬೇಕು, ಕ್ಯಾಮೆರಾ ಎರಡು ಮೆಮೊರಿ ಕಾರ್ಡಿಗೂ ಒಟ್ಟಿಗೆ ಬರೀತಿರ್ಬೇಕು. ಪಾರ್ಟಿಗೆ ಇದೆಲ್ಲಾ ಹೇಳ್ಬೇಕಾಗಿಲ್ಲ. ಆದ್ರೆ ರೇಟ್ ಹೇಳುವಾಗ ಗಂಟಲು ಒಣಗೋರು ಒಂದ್ಸಲ ಇದನ್ನ ಓದ್ಕೊಂಡು ಆಮೇಲೆ ಫೋನ್ ಎತ್ತಿ.

ಹೆಜ್ಜೆ 5: ಅಡ್ವಾನ್ಸು, ಬಾಕಿ, ಅಗ್ರಿಮೆಂಟು

ಅಡ್ವಾನ್ಸ್ ಬರ್ದೇ ಡೇಟ್ ಬ್ಲಾಕ್ ಆಗಲ್ಲ, ಯಾರಾದ್ರೂ ಸರಿ. ನಾನು 40 ಪರ್ಸೆಂಟ್ ಬುಕಿಂಗ್‌ಗೆ, 50 ಪರ್ಸೆಂಟ್ ರಿಸೆಪ್ಷನ್ ದಿನ ಕೆಲಸ ಶುರುವಾಗೋಕೆ ಮುಂಚೆ, 10 ಪರ್ಸೆಂಟ್ ಎಡಿಟ್ ಆದ ಸಾಫ್ಟ್ ಕಾಪಿ ಕೊಡುವಾಗ ತಗೋತೀನಿ. ಕೊನೇ ಕಂತು ಆಲ್ಬಂಗೆ ಕಟ್ಟಬೇಡಿ. ಮದುವೆ ಆದ್ಮೇಲೆ ಹೊಸ ಜೋಡಿ ಫೋಟೋ ಸೆಲೆಕ್ಟ್ ಮಾಡಿ ಕೊಡೋದೇ ಇಲ್ಲ, ಕೆಲವ್ರ ಮನೇಲಿ ಮಗುವಿನ ನಾಮಕರಣಕ್ಕೆ ಫೋನ್ ಮಾಡಿದಾಗ ನೆನಪಾಗತ್ತೆ, ಅಲ್ಲಿವರೆಗೂ ನಿಮ್ಮ ಬಾಕಿ ಅವ್ರ ಹತ್ರಾನೇ. ಸೆಲೆಕ್ಷನ್‌ಗೆ 30 ದಿನ, ಅದು ದಾಟಿದ್ರೆ ಅವತ್ತಿನ ಲ್ಯಾಬ್ ರೇಟಲ್ಲಿ ಆಲ್ಬಂ ಅಂತ ಬರೆದಿಡಿ.

ಅಗ್ರಿಮೆಂಟ್ ಅಂದ್ರೆ ಸ್ಟಾಂಪ್ ಪೇಪರ್, ಲಾಯರ್ ಅಂತ ಹೆದರ್ಬೇಡಿ. ಒಂದು ಪುಟ ಕನ್ನಡದಲ್ಲಿ ಬರೆದು ವಾಟ್ಸಾಪ್ ಅಥವಾ ಮೇಲ್‌ನಲ್ಲಿ ಕಳ್ಸಿ, ಅವ್ರು "ಒಪ್ಪಿಗೆ ಇದೆ" ಅಂತ ಬರೆದು ವಾಪಸ್ ಕಳ್ಸಿದ್ರೂ ಏನೂ ಇಲ್ದಿರೋದಕ್ಕಿಂತ ಎಷ್ಟೋ ವಾಸಿ. ಅದ್ರಲ್ಲಿ ಇರ್ಬೇಕಾದ್ದು: ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ, ಎಷ್ಟು ಜನ ಬರ್ತಾರೆ, ಸುಮಾರು ಎಷ್ಟು ಎಡಿಟ್ ಆದ ಫೋಟೋ, ಎಷ್ಟು ಶೀಟಿನ ಆಲ್ಬಂ, ಯಾವತ್ತು ಕೊಡ್ತೀರಾ, ಮದುವೆ ಮುಂದಕ್ಕೆ ಹೋದ್ರೆ ಅಥವಾ ಕ್ಯಾನ್ಸಲ್ ಆದ್ರೆ ಅಡ್ವಾನ್ಸ್ ಏನಾಗತ್ತೆ, ನಿಮಗೇ ಹುಷಾರಿಲ್ದೇ ಹೋದ್ರೆ ಯಾರು ಬರ್ತಾರೆ, ಡೇಟಾ ಎಷ್ಟು ದಿನ ಇಟ್ಕೊಂಡಿರ್ತೀರಾ. ರಾ ಫೈಲ್ (ಎಡಿಟ್ ಮಾಡದ ಮೂಲ ಫೈಲ್) ಕೊಡಲ್ಲ ಅನ್ನೋದನ್ನೂ ಇಲ್ಲೇ ಬರೀರಿ, "ಎಲ್ಲಾ ಫೋಟೋನೂ ಪೆನ್‌ಡ್ರೈವ್‌ಗೆ ಹಾಕ್ಕೊಡಿ" ಅಂತ ಆಮೇಲೆ ಬಂದೇ ಬರತ್ತೆ.

ಕಾಪಿರೈಟ್ ವಿಷ್ಯದಲ್ಲಿ ನಮ್ಮೋರಲ್ಲಿ ದೊಡ್ಡ ತಪ್ಪು ತಿಳುವಳಿಕೆ ಇದೆ. "ನಾನ್ ತೆಗೆದಿದ್ದು, ನಂದೇ" ಅಂತ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಫೋಟೋ ತೆಗೆದೋರೇ ಮೊದಲ ಮಾಲೀಕರು, ಆದ್ರೆ ಯಾರಾದ್ರೂ ದುಡ್ಡು ಕೊಟ್ಟು ತೆಗೆಸಿದ ಫೋಟೋ ಆದ್ರೆ, ಬೇರೆ ಒಪ್ಪಂದ ಇಲ್ದೇ ಇದ್ರೆ, ತೆಗೆಸಿದೋರೇ ಮಾಲೀಕರು. ಅಂದ್ರೆ ಮದುವೆ ಫೋಟೋನ ನಿಮ್ಮ ಇನ್‌ಸ್ಟಾಗ್ರಾಂಗೆ ಹಾಕೋಕೂ ಬರವಣಿಗೇಲಿ ಒಪ್ಪಿಗೆ ಇರೋದು ಕ್ಷೇಮ. ಅಗ್ರಿಮೆಂಟಲ್ಲಿ ಒಂದು ಸಾಲು ಸಾಕು, ಜೊತೆಗೆ ಹಾಕೋದು ಬೇಡ ಅನ್ನೋ ಮನೆಯೋರಿಗೆ ಬೇಡ ಅನ್ನೋಕೂ ಅವಕಾಶ ಕೊಡಿ, ಮಕ್ಕಳ ಫೋಟೋ ಅಂತೂ ಕೇಳ್ದೇ ಹಾಕ್ಲೇಬೇಡಿ.

ಹೆಜ್ಜೆ 6: ಬೇರೆ ಸ್ಟುಡಿಯೋ ಆರ್ಡರ್‌ಗೆ ಹೋಗುವಾಗ

ಶುರುವಿನಲ್ಲಿ ಎಲ್ರೂ ಹೀಗೇ ಬೆಳೆಯೋದು, ದಿನಕ್ಕಿಷ್ಟು ಅಂತ ಹೋಗಿ ಶೂಟ್ ಮಾಡಿ ಡೇಟಾ ಕೊಟ್ಟು ಬರೋದು. ಇಲ್ಲಿ ಎಡಿಟಿಂಗ್ ಇಲ್ಲ, ಪಾರ್ಟಿ ತಲೆನೋವಿಲ್ಲ, ಹಾಗಾಗಿ ಹೆಜ್ಜೆ 1ರ ನಂಬರ್‌ಗಿಂತ ಸ್ವಲ್ಪ ಕಮ್ಮಿ ಆದ್ರೂ ನಡೆಯತ್ತೆ. ಪೇಮೆಂಟ್ ಮಾತ್ರ ಡೇಟಾ ಕಾಪಿ ಆಗೋ ದಿನಾನೇ ಇಸ್ಕೊಳ್ಳಿ, "ಪಾರ್ಟಿ ಕೊಟ್ಮೇಲೆ ಕೊಡ್ತೀನಿ" ಅನ್ನೋದು ನಿಮ್ಮ ಸಮಸ್ಯೆ ಅಲ್ಲ. ನೀವೂ ಮರ್ಯಾದೆ ಉಳಿಸ್ಕೊಳ್ಳಿ: ಆ ಪಾರ್ಟಿಗೆ ನಿಮ್ಮ ವಿಸಿಟಿಂಗ್ ಕಾರ್ಡ್ ಕೊಡ್ಬೇಡಿ, ಕೇಳ್ದೇ ಫೋಟೋ ಪೋಸ್ಟ್ ಮಾಡ್ಬೇಡಿ, ಮೆಮೊರಿ ಕಾರ್ಡ್ ತಕ್ಷಣ ಫಾರ್ಮ್ಯಾಟ್ ಮಾಡ್ಬೇಡಿ. ಈ ಫೀಲ್ಡು ಚಿಕ್ಕದು, ಎಲ್ಲಾ ಎಲ್ರಿಗೂ ಗೊತ್ತಾಗತ್ತೆ. ಜಿಲ್ಲಾ ಫೋಟೋಗ್ರಾಫರ್ಸ್ ಸಂಘಕ್ಕೆ ಮೆಂಬರ್ ಆಗಿ, ದಕ್ಷಿಣ ಕನ್ನಡ ಉಡುಪಿ ಕಡೆ ಎಸ್‌ಕೆಪಿಎ (ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್) ತರದ್ದು ಎಷ್ಟು ಗಟ್ಟಿಯಾಗಿದೆ ನೋಡಿ. ಮದುವೆ ದಿನ ಜ್ವರ ಬಂದ್ರೆ ನಿಮ್ಮ ಬದಲಿಗೆ ನಿಲ್ಲೋರು ಸಿಗೋದು ಅಲ್ಲೇ.

ಹೆಜ್ಜೆ 7: ಆಷಾಢದಲ್ಲಿ ಏನ್ ಮಾಡ್ತೀರಾ

ಮದುವೆ ಒಂದನ್ನೇ ನಂಬ್ಕೊಂಡ್ರೆ ವರ್ಷದಲ್ಲಿ ನಾಲ್ಕು ತಿಂಗಳು ಉಪವಾಸ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದಲ್ಲಿ ಮಳೆಗಾಲದಲ್ಲೇ ಹೋಂಸ್ಟೇಗಳು ಚೆನ್ನಾಗಿ ಕಾಣೋದು, ಆಗ್ಲೇ ಅವ್ರಿಗೂ ಫೋಟೋ ಬೇಕು. ಸೀರೆ ಅಂಗಡಿಯೋರಿಗೆ ಶ್ರಾವಣ, ವರಮಹಾಲಕ್ಷ್ಮಿ, ದಸರಾಗೆ ಕ್ಯಾಟಲಾಗ್ ಬೇಕು, ಅದ್ರ ಶೂಟಿಂಗ್ ಆಷಾಢದಲ್ಲೇ ಆಗ್ಬೇಕು. ಹೋಟೆಲ್‌ನೋರಿಗೆ ಡೆಲಿವರಿ ಆ್ಯಪ್ ಮೆನುಗೆ ಫೋಟೋ ಬೇಕು (ಇಡ್ಲಿ ತೆಗೆಯೋದು ಬಿರಿಯಾನಿಗಿಂತ ಕಷ್ಟ, ಬಿಳಿ ಮೇಲೆ ಬಿಳಿ).

ಇಲ್ಲಿ ಲೆಕ್ಕ ಬೇರೆ. ಮದುವೆ ಫೋಟೋನ ಮನೆಯೋರು ನೋಡ್ತಾರೆ, ಇವ್ರು ಅದನ್ನ ಇಟ್ಕೊಂಡು ವ್ಯಾಪಾರ ಮಾಡ್ತಾರೆ. ಹಾಗಾಗಿ ದಿನದ ರೇಟ್ ಬೇರೆ, ಬಳಸೋ ಹಕ್ಕಿನ ರೇಟ್ ಬೇರೆ. ಮೈಸೂರಿನ ಒಂದು ಅಂಗಡಿ ತನ್ನ ಪೇಜ್‌ನಲ್ಲಿ ಒಂದು ವರ್ಷ ಹಾಕ್ಕೊಳ್ಳೋದಕ್ಕೂ, ಅದೇ ಫೋಟೋ ಮೂರು ಜಿಲ್ಲೇಲಿ ಹೋರ್ಡಿಂಗ್ ಮೇಲೆ ಬರೋದಕ್ಕೂ ಒಂದೇ ದುಡ್ಡು ಆಗ್ಬಾರ್ದು. ಎಲ್ಲೆಲ್ಲಿ, ಎಷ್ಟು ವರ್ಷ ಅಂತ ಬಿಲ್‌ನಲ್ಲೇ ಬರೀರಿ, ಕಾಪಿರೈಟ್ ನಿಮ್ಮ ಹತ್ರಾನೇ ಉಳಿಯತ್ತೆ ಅಂತ ಸೇರಿಸಿ, ಇಲ್ಲಾಂದ್ರೆ ಮೇಲೆ ಹೇಳಿದ 17ನೇ ಸೆಕ್ಷನ್ ಇಲ್ಲೂ ಅವ್ರ ಪರವಾಗೇ ಇದೆ. ಕಾಪಿರೈಟೇ ಬರ್ಕೊಡಿ ಅಂತ ಕೇಳಿದ್ರೆ ರೇಟ್ ಬೇರೇನೇ ಹೇಳಿ, ಬರ್ಕೊಡೋ ಪತ್ರದಲ್ಲಿ ಅವಧಿ ಹಾಕಿಲ್ಲ ಅಂದ್ರೆ ಕಾಯ್ದೆ ಅದನ್ನ 5 ವರ್ಷ ಅಂತಾನೇ ಲೆಕ್ಕ ಹಾಕತ್ತೆ, ಜಾಗ ಹಾಕಿಲ್ಲ ಅಂದ್ರೆ ಭಾರತಕ್ಕೆ ಮಾತ್ರ.

"ಎರಡು ದಿನ ಫ್ಯಾಮಿಲಿ ಜೊತೆ ಬಂದು ಉಳ್ಕೊಳ್ಳಿ, ಊಟ ತಿಂಡಿ ಎಲ್ಲಾ ನಮ್ದೇ, ಫೋಟೋ ತೆಕ್ಕೊಡಿ" ಅನ್ನೋ ಆಫರ್ ಬರತ್ತೆ. ರಜೆಗೆ ಹೋಗ್ಬೇಕು ಅಂತ ನಿಮಗೇ ಇದ್ರೆ ಹೋಗಿ, ಆದ್ರೆ ಅದು ಸಂಬಳ ಅಲ್ಲ, ಹಾರ್ಡ್ ಡಿಸ್ಕ್ ಅಂಗಡಿಯೋನು ರೂಮ್ ಬಾಡಿಗೆ ತಗೊಳ್ಳಲ್ಲ. "ಒಳ್ಳೇ ಪಬ್ಲಿಸಿಟಿ ಸಿಗತ್ತೆ" ಅನ್ನೋದಕ್ಕೂ ಇದೇ ಉತ್ತರ. ಫ್ರೀಯಾಗಿ ಮಾಡ್ಲೇಬೇಕು ಅಂದ್ರೆ ನಿಮಗೆ ಇಷ್ಟ ಆದ ಕೆಲಸಕ್ಕೆ ಮಾಡಿ, ಊರಿನ ಸರ್ಕಾರಿ ಶಾಲೆಗೋ ರಂಗತಂಡಕ್ಕೋ, ಅಲ್ಲಿ ಯಾರೂ ನಿಮ್ಮಿಂದ ಲಾಭ ಮಾಡ್ಕೊಳ್ತಿರಲ್ಲ.

ಹೆಜ್ಜೆ 8: ಬ್ಯಾಂಕು, ಟ್ಯಾಕ್ಸು, ಕಾಗದ ಪತ್ರ

ಬೇಗ ಹೇಳಿ ಮುಗಿಸ್ತೀನಿ. ಕೆಲಸದ ದುಡ್ಡಿಗೆ ಬೇರೆ ಅಕೌಂಟ್, ಅಲ್ಲಿಂದ ತಿಂಗಳಿಗೊಂದ್ಸಲ ಮನೆಗೆ "ಸಂಬಳ". ವರ್ಷದ ಬಿಲ್ಲು 20 ಲಕ್ಷ ದಾಟಿದ್ರೆ ಜಿಎಸ್‌ಟಿ ಕಡ್ಡಾಯ, ಫೋಟೋಗ್ರಫಿಗೆ 18 ಪರ್ಸೆಂಟ್. ಕಂಪನಿಯೋರು ಟಿಡಿಎಸ್ (ದುಡ್ಡು ಕೊಡೋಕೆ ಮುಂಚೆನೇ ಕಳೆಯೋ ಟ್ಯಾಕ್ಸು) ಹಿಡ್ಕೊಂಡು ಕೊಟ್ರೆ ದುಡ್ಡು ಹೋಯ್ತು ಅನ್ಕೋಬೇಡಿ, ರಿಟರ್ನ್ ಹಾಕಿ, ಟ್ಯಾಕ್ಸ್ ಲೆಕ್ಕಕ್ಕೆ ಬರತ್ತೆ, ಜಾಸ್ತಿ ಹಿಡಿದಿದ್ರೆ ವಾಪಸ್ ಬರತ್ತೆ.

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸೋದು) ಇವತ್ತೇ ಮಾಡಿಸ್ಕೊಳ್ಳಿ. ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಫ್ರೀ, ದುಡ್ಡು ಕೇಳೋ ವೆಬ್‌ಸೈಟ್ ಎಲ್ಲಾ ಮಧ್ಯವರ್ತಿಗಳದ್ದು. ಇದ್ರಿಂದ ಏನ್ ಲಾಭ ಅಂದ್ರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಬರ್ಬೇಕಾದ ದುಡ್ಡನ್ನ ಒಪ್ಪಂದ ಇದ್ರೂ 45 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ, ಬರವಣಿಗೇಲಿ ಏನೂ ಇಲ್ಲಾಂದ್ರೆ 15 ದಿನ, ತಡ ಆದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. "ಅಕೌಂಟ್ಸ್‌ನೋರು ರಜಾ ಇದಾರೆ" ಅಂತ ಆರು ತಿಂಗಳು ಓಡಿಸೋ ಆಫೀಸಿಗೆ ಬಿಲ್ ಕೆಳಗೆ ಉದ್ಯಮ್ ನಂಬರ್ ಮತ್ತು ಈ ಸಾಲು ಕಾಣಿಸಿದ್ರೆ ವ್ಯತ್ಯಾಸ ಗೊತ್ತಾಗತ್ತೆ. ಅದಕ್ಕೂ ಬಗ್ಗದಿದ್ರೆ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡ್ಬೋದು.

ಕ್ಯಾಮೆರಾ ಇನ್ಶೂರೆನ್ಸ್ ಮಾಡ್ಸುವಾಗ ಕಾರಲ್ಲಿ ಬಿಟ್ಟು ಹೋದಾಗ ಕಳುವಾದ್ರೆ ಕೊಡ್ತಾರಾ ಅಂತ ಓದಿ ನೋಡಿ, ತುಂಬಾ ಪಾಲಿಸೀಲಿ ಕೊಡಲ್ಲ. ಡ್ರೋನ್ ಇಟ್ಕೊಂಡಿದ್ರೆ 2021ರ ಡ್ರೋನ್ ನಿಯಮ ಓದಿ, 250 ಗ್ರಾಂ ದಾಟಿದ್ದನ್ನ ದುಡ್ಡಿಗೆ ಹಾರ್ಸೋಕೆ ಪೈಲಟ್ ಸರ್ಟಿಫಿಕೇಟ್ ಬೇಕು.

ಹೆಜ್ಜೆ 9: ವರ್ಷಕ್ಕೊಂದ್ಸಲ ರೇಟ್ ಏರ್ಸಿ

ಹೆಜ್ಜೆ 1ರ ಹಾಳೆನ ಪ್ರತಿ ವರ್ಷ ಹೊಸ ಖರ್ಚು ಹಾಕಿ ಮತ್ತೆ ಬರೀರಿ, ನಂಬರ್ ತಾನಾಗೇ ಮೇಲೆ ಹೋಗಿರತ್ತೆ. ಹೊಸಬರಿಗೆ ಹೊಸ ರೇಟ್ ಹೇಳೋದು ಸುಲಭ, ಹಳೇ ಪಾರ್ಟಿಗೆ ಹೇಳೋದೇ ಕಷ್ಟ. ಅವ್ರಿಗೆ ಮೊದ್ಲೇ ಒಂದು ಮೆಸೇಜ್ ಹಾಕಿ: "ಅಕ್ಕಾ, ಈ ಏಪ್ರಿಲ್‌ನಿಂದ ನಮ್ಮ ದಿನದ ರೇಟ್ ಇಷ್ಟಾಗಿದೆ. ನಿಮ್ಮ ಎರಡನೇ ಮಗಳ ಮದುವೆ ಮಾತುಕತೆ ನಡೀತಿದ್ರೆ ಮಾರ್ಚ್ ಒಳಗೆ ಡೇಟ್ ಹೇಳಿದ್ರೆ ಹಳೇ ರೇಟಲ್ಲೇ ಬ್ಲಾಕ್ ಮಾಡ್ಕೊತೀನಿ." ಯಾಕೆ ಏರ್ಸಿದ್ರಿ ಅಂತ ಉದ್ದುದ್ದ ವಿವರಣೆ ಬೇಡ. ಆಗಲ್ಲ ಅಂದೋರಿಗೆ ಈಗ ತಾನೇ ಶುರು ಮಾಡಿರೋ ಒಳ್ಳೇ ಹುಡುಗನ್ನೋ ಹುಡುಗೀನೋ ತೋರ್ಸಿ, ಸಂಬಂಧಾನೂ ಉಳಿಯತ್ತೆ, ಅವ್ರಿಗೂ ಕೆಲಸ ಸಿಗತ್ತೆ.

ಒಂದು ವಿಷ್ಯ ಮಾತ್ರ ಮರೀಬೇಡಿ, ನೀವು ಕಳ್ಸಿದ ಹಳೇ ಕೋಟೇಶನ್ ನೆಂಟರ ವಾಟ್ಸಾಪ್ ಗ್ರೂಪಲ್ಲಿ ವರ್ಷಗಟ್ಲೆ ಓಡಾಡ್ತಾ ಇರತ್ತೆ, ಅದನ್ನ ಹಿಡ್ಕೊಂಡು "ಅವ್ರಿಗೆ ಇಷ್ಟಕ್ಕೇ ಮಾಡಿದೀರಲ್ಲ" ಅಂತ ಫೋನ್ ಬರತ್ತೆ. ಹಾಗಾಗಿ ಪ್ರತಿ ಕೋಟೇಶನ್‌ಗೂ ತಾರೀಕು ಹಾಕಿ, ಕೆಳಗೆ "ಈ ದರ 15 ದಿನ ಮಾತ್ರ" ಅಂತ ದಪ್ಪ ಅಕ್ಷರದಲ್ಲಿ ಬರೀರಿ.